ತಮ್ಮ ಕೇರಿಯನ್ನು ತಾವೇ ಕಟ್ಟಿಕೊಂಡವರು

ಮಹಾನಗರದ ನಟ್ಟನಡುವೆ ಇರುವ ಕೇರಿಯೊಂದು ಹಾಳುಬಿದ್ದಿತು ಎಂದರೆ ಮೊದಲು ಕೇಳಿದವರಿಗೆ ವಿಚಿತ್ರವಾಗಿ ತೋರುವುದು ಸಹಜ. ಊರ ಹೊರಗಿನ ನೆಲ ಪಾಳುಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿಗೆ ರಸ್ತೆಯಿಲ್ಲ, ನೀರಿಲ್ಲ, ಪೇಟೆ ದೂರ. ಆದರೆ ಕಚೇರಿಗಳಿಗೂ ಆಸ್ಪತ್ರೆಗಳಿಗೂ ರೈಲಿಗೂ ಹತ್ತಿರವಿರುವ ನೆಲ ಬೇಡವಾಗುವುದೆಂದರೇನು? ಒಂದು ಖೋಲಿಗಾಗಿ ಜನ್ಮವೆಲ್ಲ ದುಡಿಯುವ ತಂದೆತಾಯಿಗಳನ್ನು ಕಣ್ಣಾರೆ ಕಂಡಿರುವ ಮುಂಬಯಿಯ ನಮಗಂತೂ ಇದು ನಂಬತಕ್ಕ ಮಾತೆಂದೇ ಅನ್ನಿಸದು. ಆದರೂ ಜಗತ್ತಿನ ಅತ್ಯಂತ ಸಿರಿವಂತ ದೇಶದ ಹಳೆಯ ನಗರವೊಂದರಲ್ಲಿ, ನಲವತ್ತು ವರ್ಷಗಳ ಹಿಂದೆ, 1,300 ಖಾಲಿ ನಿವೇಶನಗಳು ಒಂದೇ ಕೇರಿಯಲ್ಲಿ ಕಸದ ರಾಶಿಗಳನ್ನು ಹೊತ್ತುಕೊಂಡು ಬಿದ್ದಿದ್ದವು. ಅವು ಹಾಗೆ ಏಕೆ ಬಿದ್ದವು, ಅಲ್ಲಿಯೇ ವಾಸವಾಗಿದ್ದ ಬಡಜನ ಅವನ್ನು ಮತ್ತೆ ಮನೆ ತೋಟಗಳಾಗಿ ಹೇಗೆ ಮಾರ್ಪಡಿಸಿದರು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ನಗರದ ಹೆಸರು ಬಾಸ್ಟನ್. ಅಮೆರಿಕದ ಪೂರ್ವ ತೀರದ ಮೆಸಾಚುಸೆಟ್ಸ್ ರಾಜ್ಯದ ರಾಜಧಾನಿ. ಕೇರಿಯ ಹೆಸರು ಡಡ್ಲಿ ಬೀದಿ. ಅದು ರಾಕ್ಸ್‌ಬರಿ ಮತ್ತು ಡಾರ್ಚೆಸ್ಟರ್ ಎಂಬ ಎರಡು ಭಾಗಗಳು ಕೂಡುವಲ್ಲಿ ಹರಡಿಕೊಂಡಿದೆ. ಇವೆರಡೂ ಹಿಂದೆ ಬೇರೆ ಬೇರೆ ಊರುಗಳಾಗಿದ್ದವು. 1868ರಲ್ಲಿ ರಾಕ್ಸ್‌ಬರಿಯೂ 1870ರಲ್ಲಿ ಡಾರ್ಚೆಸ್ಟರೂ ಬಾಸ್ಟನ್ನಿನೊಳಗೆ ಸೇರಿಹೋದವು. ಟ್ರಾಮುಗಳು ಬಂದ ಮೇಲೆ ಇಲ್ಲಿ ಮನೆಗಳು ಸಾಲುಸಾಲಾಗಿ ಎದ್ದವು. ಮರದಿಂದ ಕಟ್ಟಿದ ಮೂರು ಅಂತಸ್ತಿನ ಮನೆಗಳು ಈ ಭಾಗದ ವಿಶೇಷ. ಒಂದೊಂದು ಅಂತಸ್ತಿನಲ್ಲಿ ಒಂದೊಂದು ಸಂಸಾರ. ಕಾರ್ಖಾನೆಗಳ ಕೂಲಿಕಾರರು, ಸಣ್ಣ ಅಂಗಡಿಕಾರರು, ಐರ್ಲೆಂಡಿನಿಂದಲೂ ಇಟಲಿಯಿಂದಲೂ ಬಂದ ವಲಸೆಗಾರರು ಇಲ್ಲಿ ನೆಲೆನಿಂತರು. ನಗರದ ಮುಖ್ಯ ಪೇಟೆ ಇಲ್ಲಿಂದ ಎರಡು ಮೈಲಿಯೂ ಇಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ನಗರಗಳ ಸ್ಥಿತಿ ತಲೆಕೆಳಗಾಯಿತು. ಕಾರುಗಳೂ ಹೆದ್ದಾರಿಗಳೂ ಹೆಚ್ಚಿದಂತೆ, ಅನುಕೂಲವಿದ್ದ ಬಿಳಿಯ ಕುಟುಂಬಗಳು ನಗರದ ಹೊರವಲಯದ ಹೊಸ ಬಡಾವಣೆಗಳಿಗೆ ಹೊರಟುಹೋದವು. ಅವರು ಬಿಟ್ಟ ಮನೆಗಳಿಗೆ ದಕ್ಷಿಣದ ರಾಜ್ಯಗಳಿಂದ ಬಂದ ಕರಿಯ ಜನ, ಪೋರ್ಟೊ ರಿಕೊ ಮೊದಲಾದೆಡೆಗಳಿಂದ ಬಂದ ಸ್ಪ್ಯಾನಿಷ್ ಮಾತಾಡುವ ಜನ, ಆಫ್ರಿಕದ ಪಶ್ಚಿಮ ತೀರದಾಚೆಯ ಕೇಪ್ ವರ್ಡಿ ದ್ವೀಪಗಳಿಂದ ಬಂದ ಜನ ಸೇರಿದರು. ಇಷ್ಟರಲ್ಲಿ ದೋಷವೇನೂ ಇಲ್ಲ. ಒಬ್ಬರು ಹೋಗಿ ಇನ್ನೊಬ್ಬರು ಬರುವುದು ನಗರಗಳ ಸ್ವಭಾವವೇ ಆಗಿದೆ. ದೋಷವಿದ್ದದ್ದು ಹಣದ ಹರಿವಿನಲ್ಲಿ. 1930ರ ದಶಕದಲ್ಲಿಯೇ ಅಮೆರಿಕದ ಸರಕಾರದ ಒಂದು ಸಂಸ್ಥೆ ನಗರಗಳ ನಕಾಶೆಗಳನ್ನು ಸಿದ್ಧಪಡಿಸಿ, ಯಾವ ಕೇರಿಯಲ್ಲಿ ಸಾಲ ಕೊಡುವುದು ಕ್ಷೇಮ, ಯಾವ ಕೇರಿಯಲ್ಲಿ ಅಪಾಯ ಎಂದು ಬಣ್ಣಗಳಲ್ಲಿ ಗುರುತಿಸಿತ್ತು. ಅಪಾಯದ ಕೇರಿಗಳಿಗೆ ಕೆಂಪು ಬಣ್ಣ. ಕರಿಯರು ವಾಸವಾಗಿದ್ದರೆ ಸಾಕು, ಆ ಕೇರಿ ಕೆಂಪಾಗುತ್ತಿತ್ತು. ಮನೆ ಕೊಳ್ಳಲು ಸಾಲವಿಲ್ಲ. ಕೊಂಡ ಮನೆಯ ಮಾಡು ಸೋರಿದರೆ ದುರಸ್ತಿಗೂ ಸಾಲವಿಲ್ಲ. ಸಾಲ ಸಿಗದ ಮನೆಯನ್ನು ಕೊಳ್ಳುವವರಿಲ್ಲ. ಕೊಳ್ಳುವವರಿಲ್ಲದ ಮನೆಗೆ ಬೆಲೆಯಿಲ್ಲ. ಬೆಲೆಯಿಲ್ಲದ ಮನೆಯನ್ನು ದುರಸ್ತಿಮಾಡಲು ಮಾಲಿಕನಿಗೆ ಮನಸ್ಸಿಲ್ಲ. ಮುದುಕಿಯೊಬ್ಬಳ ಸೀರೆ ಹರಿಯುವಂತೆ, ಒಂದೆಡೆ ಪಿಸಿದದ್ದು ಇಡೀ ಅಂಚಿಗೆ ಹಬ್ಬಿತು.

ಇಲ್ಲಿಗೆ ಮುಗಿಯಲಿಲ್ಲ. ಮಾರಿದರೆ ಏನೂ ಬಾರದ ಮನೆ ಸುಟ್ಟರೆ ವಿಮೆಯ ಹಣವನ್ನಾದರೂ ತರುತ್ತದೆ ಎಂಬ ಲೆಕ್ಕ ಕೆಲವು ಮಾಲಿಕರಿಗೆ ಹೊಳೆಯಿತು. 1970ರ ದಶಕದಲ್ಲಿ ಬಾಸ್ಟನ್ನಿನಲ್ಲಿ ರಾತ್ರಿ ಹೊತ್ತು ಮರದ ಮನೆಗಳು ಉರಿಯುವುದು ಸಾಮಾನ್ಯ ಸಂಗತಿಯಾಯಿತು. ಇದು ಆಕಸ್ಮಿಕವಲ್ಲವೆಂದು ಪತ್ತೆಹಚ್ಚಿದವರು ಪೊಲೀಸರಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅದೇ ನಗರದ ಸಿಂಫನಿ ರಸ್ತೆಯ ಬಾಡಿಗೆದಾರರು ದಾಖಲೆಗಳ ಕಚೇರಿಗೆ ಹೋಗಿ, ಯಾವ ಮನೆ ಯಾವಾಗ ಯಾರ ಕೈಗೆ ಬಂತು, ಯಾವಾಗ ಸುಟ್ಟಿತು ಎಂದು ತಾಳೆನೋಡಿ ತೋರಿಸಿದರು. 1977ರಲ್ಲಿ 33 ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ಅವರಲ್ಲಿ ಮಾಲಿಕರಿದ್ದರು, ವಕೀಲರಿದ್ದರು, ಬೆಂಕಿ ಇಲಾಖೆಯವರೂ ಪೊಲೀಸ್ ಇಲಾಖೆಯವರೂ ಇದ್ದರು. ಡಡ್ಲಿ ಕೇರಿಯಲ್ಲಿಯೂ ಬೆಂಕಿಗಳು ಆರಿದ ಮೇಲೆ ಉಳಿದದ್ದು ಬರಿಯ ನೆಲ. ಕರಿಹಿಡಿದ ಮರದ ತುಂಡುಗಳನ್ನು ತೆಗೆದುಹಾಕಿದ ಮೇಲೆ ಹುಲ್ಲು ಬೆಳೆಯಿತು, ಅನಂತರ ಕಸ ಬಂದಿತು.

ಕಸವೆಂದರೆ ನಮ್ಮ ಓಣಿಯ ಮೂಲೆಯಲ್ಲಿ ಬೀಳುವ ಕಸವಲ್ಲ. ಬೇರೆ ಕಡೆಗಳಿಂದ ಲಾರಿಗಳಲ್ಲಿ ತುಂಬಿ ತಂದು ಸುರಿಯುವ ಕಸ. ಕೆಡವಿದ ಕಟ್ಟಡಗಳ ಇಟ್ಟಿಗೆ ಗಾರೆ, ಹಳೆಯ ಶೀತಕಪೆಟ್ಟಿಗೆಗಳು, ಕೆಟ್ಟ ಮಾಂಸ, ಚಕ್ರ ಕಳಚಿದ ಕಾರುಗಳು. ಊರಿನ ಕಸವನ್ನು ಒಂದೆಡೆ ಇಳಿಸಿ ಮತ್ತೊಂದೆಡೆಗೆ ಸಾಗಿಸುವ ಕೇಂದ್ರಗಳು ಪರವಾನಗಿಯಿಲ್ಲದೆ ಇಲ್ಲಿ ನಡೆಯುತ್ತಿದ್ದವು. ಬೇಸಗೆಯಲ್ಲಿ ಕಿಟಕಿ ತೆರೆಯುವಂತಿರಲಿಲ್ಲ. ಹಳೆಯ ಮನೆಗಳ ಬಣ್ಣದಲ್ಲಿದ್ದ ಸೀಸ ಮಣ್ಣಿಗೆ ಸೇರಿ, ಆ ಮಣ್ಣಿನಲ್ಲಿ ಆಡುವ ಮಕ್ಕಳ ಮೈಗೂ ಸೇರುತ್ತಿತ್ತು. ಸೀಸ ಮಕ್ಕಳ ಬುದ್ಧಿಯ ಬೆಳವಣಿಗೆಗೆ ತೀರ ಕೆಟ್ಟದ್ದು. ಹೀಗೆ ಊರವರೆಲ್ಲ ಬೇಡವೆಂದು ಬಿಸುಟ ವಸ್ತುಗಳ ನಡುವೆ ಬದುಕುವವರಿಗೆ ತಾವೂ ಬಿಸುಟವರೇ ಎಂಬ ಭಾವನೆ ಬಂದರೆ ಅದು ಅವರ ತಪ್ಪಲ್ಲ.

ಬದಲಾವಣೆ ಆರಂಭವಾದದ್ದು ಒಂದು ಜಮಖಾನೆಯ ಮಾತಿನಿಂದ. ಸ್ಪ್ಯಾನಿಷ್ ಮಾತಾಡುವ ಜನರ ನೆರವಿಗಾಗಿ ಕೇರಿಯಲ್ಲಿದ್ದ ‘ಲಾ ಅಲಿಯಾನ್ಸಾ ಹಿಸ್ಪಾನಾ’ ಎಂಬ ಸಂಘ 1984ರಲ್ಲಿ ತನ್ನ ಕಟ್ಟಡದ ನೆಲಕ್ಕೆ ಹೊಸ ಹಾಸು ಹಾಕಿಸಲು ರೈಲಿ ಪ್ರತಿಷ್ಠಾನವೆಂಬ ದಾನಸಂಸ್ಥೆಯನ್ನು ಹಣ ಕೇಳಿತು. ಸಂಸ್ಥೆಯ ಧರ್ಮದರ್ಶಿಗಳು ಸ್ಥಳವನ್ನು ನೋಡಲು ಬಂದರು. ಹಾಸಿನ ಸ್ಥಿತಿಗಿಂತ ಹೊರಗಿನ ಬೀದಿಯ ಸ್ಥಿತಿ ಅವರನ್ನು ಬೆಚ್ಚಿಬೀಳಿಸಿತು. ಒಂದು ಕೋಣೆಯ ನೆಲ ಸರಿಪಡಿಸಿ ಹೋಗುವುದಕ್ಕಿಂತ ಇಡೀ ಕೇರಿಗೆ ಏನಾದರೂ ಮಾಡೋಣವೆಂದು ಅವರು ಯೋಚಿಸಿದರು. ಕೇರಿಯಲ್ಲಿ ಕೆಲಸಮಾಡುತ್ತಿದ್ದ ಸಂಘಸಂಸ್ಥೆಗಳ ಮುಖಂಡರನ್ನೆಲ್ಲ ಕೂಡಿಸಿದರು. ತಿಂಗಳುಗಟ್ಟಲೆ ಚರ್ಚಿಸಿ ಒಂದು ಹೊಸ ಮಂಡಲಿಯ ರೂಪರೇಖೆ ಬರೆದರು. ಎಲ್ಲ ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ. 1985ರ ಫೆಬ್ರವರಿಯಲ್ಲಿ ಅಲ್ಲಿಯ ಸಂತ ಪ್ಯಾಟ್ರಿಕ್ಕರ ಇಗರ್ಜಿಯಲ್ಲಿ ಸಭೆ ಕರೆದು ಆ ರೂಪರೇಖೆಯನ್ನು ಕೇರಿಯವರ ಮುಂದಿಟ್ಟರು.

ಸಭೆಯಲ್ಲಿ ಒಂದು ಪ್ರಶ್ನೆ ಎದ್ದಿತು. ವೇದಿಕೆಯ ಮೇಲೆ ಕುಳಿತವರಲ್ಲಿ ಎಷ್ಟು ಮಂದಿ ಈ ಕೇರಿಯಲ್ಲಿ ವಾಸಿಸುತ್ತೀರಿ? ಉತ್ತರ ಕೊಡುವುದು ಕಷ್ಟವಾಯಿತು. ಯೋಜಿತವಾದ ಮಂಡಲಿಯಲ್ಲಿಯೂ ನಿವಾಸಿಗಳಿಗೆ ಕೆಲವೇ ಸ್ಥಾನಗಳಿದ್ದವು. ಕೇರಿಯವರು ಸಿಟ್ಟಾದರು. ಇಂಥ ಯೋಜನೆಗಳನ್ನು ಅವರು ಹಿಂದೆಯೂ ಕಂಡಿದ್ದರು. ಹೊರಗಿನವರು ಬರುತ್ತಾರೆ, ನಕಾಶೆ ಬಿಡಿಸುತ್ತಾರೆ, ಹೋಗುತ್ತಾರೆ. ಇಲ್ಲಿ ರೈಲಿ ಪ್ರತಿಷ್ಠಾನದವರ ನಡತೆಯನ್ನು ನಾವು ಮೆಚ್ಚಬೇಕು. ಹಣ ಕೊಡುವವರು ತಾವೇ ಆದರೂ ಅವರು ಹಠಹಿಡಿಯಲಿಲ್ಲ. ರೂಪರೇಖೆಯನ್ನು ಹಿಂದಕ್ಕೆ ತೆಗೆದುಕೊಂಡು ನಿವಾಸಿಗಳೊಡನೆ ಕುಳಿತು ಮತ್ತೆ ಬರೆಯಲು ಒಪ್ಪಿದರು. ಹಾಗೆ ಹುಟ್ಟಿದ್ದೇ ಡಡ್ಲಿ ಬೀದಿ ನೆರೆಹೊರೆಯ ಸಂಘ. ಅದರ ಮಂಡಲಿಯಲ್ಲಿ ನಿವಾಸಿಗಳದೇ ಮೇಲುಗೈ. ಅಧಿಕಾರಿಗಳೂ ಸಂಸ್ಥೆಗಳವರೂ ಇರಬಹುದು, ಆದರೆ ಕಡೆಯ ಮಾತು ಕೇರಿಯವರದು. ಕರಿಯರು, ಕೇಪ್ ವರ್ಡಿಯವರು, ಸ್ಪ್ಯಾನಿಷ್ ಮಾತಿನವರು, ಬಿಳಿಯರು ಎಂಬ ನಾಲ್ಕು ಗುಂಪುಗಳಿಗೂ ಸಮಸಂಖ್ಯೆಯ ಸ್ಥಾನಗಳು. ತಲೆಯೆಣಿಕೆಯಂತೆ ಹಂಚಿದ್ದರೆ ದೊಡ್ಡ ಗುಂಪಿಗೆ ಹೆಚ್ಚು ಸ್ಥಾನಗಳು ಸಿಗಬೇಕಾಗಿತ್ತು. ಆದರೆ ಹಾಗೆ ಹಂಚಿದ ಕೂಡಲೆ ಕೇರಿ ನಾಲ್ಕಾಗಿ ಒಡೆಯುವುದೆಂಬ ಅರಿವು ಅವರಿಗಿತ್ತು. ಸಭೆಗಳು ಮೂರು ಭಾಷೆಗಳಲ್ಲಿ ನಡೆದವು: ಇಂಗ್ಲಿಷ್, ಸ್ಪ್ಯಾನಿಷ್, ಕೇಪ್ ವರ್ಡಿಯ ಕ್ರಿಯೋಲ್. ತಾಯಿನುಡಿಯಲ್ಲಿ ಮಾತಾಡಲು ಬಿಡದ ಸಭೆಯಲ್ಲಿ ಎಷ್ಟು ಜನ ಬಾಯಿ ಬಿಡುತ್ತಾರೆಂಬುದು ಪರನಾಡಿನ ಕನ್ನಡಿಗರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1986ರಲ್ಲಿ ಸಂಘಕ್ಕೆ ಪೀಟರ್ ಮೆಡಾಫ್ ಎಂಬ ತರುಣ ಮೊದಲ ಕಾರ್ಯನಿರ್ವಾಹಕನಾಗಿ ಬಂದ. ಅಧ್ಯಕ್ಷಸ್ಥಾನಕ್ಕೆ ಕೇರಿಯ ನಿವಾಸಿಯೇ ಆದ ಚೆ ಮಡ್ಯೂನ್ ಎಂಬ ಮಹಿಳೆ ಬಂದರು. ಮಕ್ಕಳ ತಾಯಿ, ನೃತ್ಯ ಕಲಿತವರು, ಇಂಥ ಕೆಲಸದಲ್ಲಿ ಹಿಂದಿನ ಅನುಭವವಿಲ್ಲದವರು. ಮೆಡಾಫ್ ಮಾಡಿದ ಮೊದಲ ಕೆಲಸ ಯೋಜನೆ ಬರೆಯುವುದಲ್ಲ. ಮನೆಮನೆಗೆ ಹೋಗಿ, ನಿಮಗೆ ಎಲ್ಲಕ್ಕಿಂತ ಹೆಚ್ಚು ತೊಂದರೆಕೊಡುವುದು ಯಾವುದು ಎಂದು ಕೇಳುವುದು. ಮನೆ, ಉದ್ಯೋಗ, ಶಾಲೆ ಎಂಬ ಉತ್ತರ ಬರುವುದೆಂದು ತಿಳಿದವರಂತೆ ಕೇಳಬಹುದಾಗಿತ್ತು. ಬಂದ ಉತ್ತರ ಒಂದೇ: ಕಸ.

‘ನಮ್ಮ ಮೇಲೆ ಕಸ ಸುರಿಯಬೇಡಿ’ ಎಂಬುದೇ ಆ ವರ್ಷದ ಚಳವಳಿಯ ಘೋಷಣೆಯಾಯಿತು. ಜನ ಮೆರವಣಿಗೆ ಹೊರಟರು, ನಗರಭವನಕ್ಕೆ ಹೋದರು, ತಾವೇ ಕೈಚೀಲ ಹಿಡಿದು ನಿವೇಶನಗಳನ್ನು ಬಳಿದರು. ಮೇಯರ್ ರೇ ಫ್ಲಿನ್ ಅವರ ಆಡಳಿತ ಅವರ ಮಾತಿಗೆ ಕಿವಿಗೊಡಲೇಬೇಕಾಯಿತು. ಪರವಾನಗಿಯಿಲ್ಲದ ಕಸದ ಕೇಂದ್ರಗಳಿಗೆ ಬೀಗ ಬಿದ್ದಿತು. ಬಿಟ್ಟುಹೋದ ಕಾರುಗಳನ್ನು ಎಳೆದೊಯ್ಯಲಾಯಿತು. ನಿಂತುಹೋಗಿದ್ದ ರೈಲು ಸೌಕರ್ಯವೂ ಕೇರಿಯ ಬಳಿಯ ಅಪ್‌ಹ್ಯಾಮ್ಸ್ ಕಾರ್ನರ್ ನಿಲ್ದಾಣಕ್ಕೆ ಮತ್ತೆ ಬಂದಿತು. ದೊಡ್ಡ ಯೋಜನೆ ಮಾಡಬೇಕಾದವರು ಕಸದಂಥ ಸಣ್ಣ ವಿಷಯದಿಂದ ಏಕೆ ಆರಂಭಿಸಬೇಕು ಎಂದು ಯಾರಾದರೂ ಕೇಳಬಹುದು. ಮನೆ ಕಟ್ಟಲು ಹತ್ತು ವರ್ಷ ಬೇಕು. ಹತ್ತು ವರ್ಷ ಕಾಯಿರೆಂದು ಹೇಳಿದರೆ, ಈಗಾಗಲೇ ಹತ್ತಾರು ಸಲ ಮೋಸಹೋದ ಜನ ಎರಡನೆಯ ಸಭೆಗೇ ಬರುವುದಿಲ್ಲ. ಕಸವಾದರೋ ಒಂದೇ ಬೇಸಗೆಯಲ್ಲಿ ಕಣ್ಣಿಗೆ ಕಾಣುವಂತೆ ಹೋಗುತ್ತದೆ. ಕೇಳಿದರೆ ಆಗುತ್ತದೆ ಎಂಬುದನ್ನು ಒಮ್ಮೆ ಕಂಡವರು ಮುಂದಿನ ಸಭೆಗೆ ನೆರೆಯವರನ್ನೂ ಕರೆತರುತ್ತಾರೆ.

1987ರಲ್ಲಿ ಕೇರಿಯವರು ತಮ್ಮ ಯೋಜನೆಯನ್ನು ತಾವೇ ಸಿದ್ಧಪಡಿಸಿದರು. ಪರಿಣತರನ್ನು ಕರೆಯದೆ ಅಲ್ಲ. ಕರೆದರು, ಆದರೆ ಸಂಬಳ ಕೊಟ್ಟು ತಮ್ಮ ಕೆಳಗೆ ಇರಿಸಿಕೊಂಡರು. ಸಾಮಾನ್ಯವಾಗಿ ನಗರಸಭೆ ಯೋಜನೆ ಮಾಡುತ್ತದೆ, ನಿವಾಸಿಗಳು ಆಕ್ಷೇಪಣೆ ಸಲ್ಲಿಸುತ್ತಾರೆ. ಇಲ್ಲಿ ನಿವಾಸಿಗಳು ಯೋಜನೆ ಮಾಡಿದರು, ನಗರಸಭೆ ಅದನ್ನು ಒಪ್ಪಿಕೊಂಡಿತು. ನಗರದೊಳಗೊಂದು ಹಳ್ಳಿ ಎಂಬುದು ಅವರ ಕಲ್ಪನೆ. ನಡುವೆ ಎಲ್ಲರೂ ಸೇರುವ ಬಯಲು, ಸುತ್ತ ಕೈಗೆಟಕುವ ಬೆಲೆಯ ಮನೆಗಳು, ನಡೆದುಹೋಗಬಹುದಾದ ದೂರದಲ್ಲಿ ಅಂಗಡಿ, ಶಾಲೆ, ತೋಟ. ಇದರ ಜೊತೆಗೆ ಒಂದು ಕಟ್ಟುನಿಟ್ಟಾದ ನಿಯಮ: ಕೇರಿ ಸುಧಾರಿಸಬೇಕು, ಆದರೆ ಕೇರಿಯವರು ಹೊರಬೀಳಬಾರದು.

ಈ ನಿಯಮದ ಹಿಂದೆ ಬಾಸ್ಟನ್ನಿನ ಒಂದು ಕಹಿ ನೆನಪು ಇದೆ. ವೆಸ್ಟ್ ಎಂಡ್ ಎಂಬ ಇನ್ನೊಂದು ಹಳೆಯ ಕೇರಿಯನ್ನು ಕೊಳಚೆ ಪ್ರದೇಶವೆಂದು ಸಾರಿ, 1950ರ ದಶಕದ ಕೊನೆಯಲ್ಲಿ ನಗರ ಸುಧಾರಣೆಯ ಹೆಸರಿನಲ್ಲಿ ನೆಲಸಮಮಾಡಲಾಯಿತು. ಸುಮಾರು 2,700 ಕುಟುಂಬಗಳು ಚದುರಿಹೋದವು. ಅಲ್ಲಿ ಎದ್ದ ಹೊಸ ಎತ್ತರದ ಕಟ್ಟಡಗಳ ಬಾಡಿಗೆ ಹಳೆಯವರ ಕೈಗೆ ಎಟಕುವಂಥದಾಗಿರಲಿಲ್ಲ. ಅದು ನಿಜಕ್ಕೂ ಕೊಳಚೆಯಾಗಿತ್ತೆ? ಕೇರಿ ಬೀಳುವ ಮುನ್ನ ಅಲ್ಲಿ ವಾಸವಾಗಿದ್ದು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಗ್ಯಾನ್ಸ್ ಅಲ್ಲವೆಂದರು. ಬಡವರದಾದರೂ ನೆಂಟಸ್ತಿಕೆಯ ನೇಯ್ಗೆ ಬಿಗಿಯಾಗಿದ್ದ ಕೇರಿ ಅದೆಂದು 1962ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಕೇರಿ ಆಗಲೇ ಹೋಗಿತ್ತು.

ವೆಸ್ಟ್ ಎಂಡನ್ನು ಕೆಡವಲು ಬಳಸಿದ ಅಧಿಕಾರ ಯಾವುದು? ಸಾರ್ವಜನಿಕ ಉದ್ದೇಶಕ್ಕಾಗಿ ಖಾಸಗಿ ನೆಲವನ್ನು ಬೆಲೆಕೊಟ್ಟು ಬಲವಂತವಾಗಿ ವಶಪಡಿಸಿಕೊಳ್ಳುವ ಅಧಿಕಾರ. ನಮ್ಮ ದೇಶದಲ್ಲಿಯೂ ಅಣೆಕಟ್ಟಿಗೆ, ರಸ್ತೆಗೆ, ರೈಲಿಗೆ ಸರಕಾರ ಇದನ್ನೇ ಬಳಸುತ್ತದೆ; ಭೂಸ್ವಾಧೀನ ಎಂಬ ಹೆಸರು ಎಲ್ಲರಿಗೂ ಗೊತ್ತು. ಬಡವರ ಪಾಲಿಗೆ ಯಾವಾಗಲೂ ಕತ್ತಿಯ ಮೊನೆಯಾಗಿದ್ದ ಈ ಅಧಿಕಾರದ ಹಿಡಿಯನ್ನೇ ಹಿಡಿಯಲು ಡಡ್ಲಿಯವರು ಮುಂದಾದರು. ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಡಡ್ಲಿ ತ್ರಿಕೋನವೆಂದು ಕರೆಯುವ 64 ಎಕರೆಯ ನಡುಭಾಗದಲ್ಲಿ ಸುಮಾರು 30 ಎಕರೆ ಖಾಲಿಯಿತ್ತು. ಅದರಲ್ಲಿ ಅರ್ಧ ನಗರಸಭೆಯದು, ತೆರಿಗೆ ಕಟ್ಟದ ಮಾಲಿಕರಿಂದ ಬಂದದ್ದು. ಇನ್ನರ್ಧ ಖಾಸಗಿಯವರದು. ಎರಡೂ ಚದುರಂಗದ ಮಣೆಯ ಬಿಳಿ ಕರಿ ಮನೆಗಳಂತೆ ಒಂದರ ಪಕ್ಕದಲ್ಲೊಂದು ಹರಡಿಕೊಂಡಿದ್ದವು. ಖಾಸಗಿ ಮಾಲಿಕರಲ್ಲಿ ಕೆಲವರು ಎಲ್ಲಿದ್ದಾರೆಂದೇ ತಿಳಿಯದು. ಕೆಲವರು ಬೆಲೆ ಏರಲೆಂದು ಕಾಯುತ್ತ ಕುಳಿತವರು. ಸರಕಾರದ ತುಂಡುಗಳ ಮೇಲೆ ಮಾತ್ರ ಕಟ್ಟಿದರೆ ಹಲ್ಲುದುರಿದ ಬಾಯಿಯಂಥ ಬೀದಿಯಾದೀತು. ಮೇಲಾಗಿ ಬಡವರು ಬೆವರು ಸುರಿಸಿ ಮೇಲೆತ್ತಿದ ಕೇರಿಯ ಲಾಭ ದೂರದಲ್ಲಿ ಕುಳಿತ ಮಾಲಿಕನ ಜೇಬಿಗೆ ಹೋದೀತು.

ಬಡವರ ಮನೆ ಕಟ್ಟುವ ಸಂಸ್ಥೆಗಳಿಗೆ ಈ ಅಧಿಕಾರವನ್ನು ಒಪ್ಪಿಸಬಹುದೆಂಬ ಅಂಶ ಮೆಸಾಚುಸೆಟ್ಸ್ ರಾಜ್ಯದ ಹಳೆಯ ಕಾಯಿದೆಯೊಂದರಲ್ಲಿ ಇರುವುದನ್ನು ಸಂಘದ ವಕೀಲರು ಪತ್ತೆಮಾಡಿದರು. ‘ಎದ್ದು ನಿಲ್ಲಿ, ನೆಲ ನಿಮ್ಮದಾಗಿಸಿ’ ಎಂಬರ್ಥದ ಘೋಷಣೆಯೊಡನೆ ಹೊಸ ಚಳವಳಿ ನಡೆಯಿತು. ಕೇರಿಯಲ್ಲಿಯೇ ಇದಕ್ಕೆ ವಿರೋಧ ಇಲ್ಲದಿರಲಿಲ್ಲ. ಇಂದು ಖಾಲಿ ನೆಲ ತೆಗೆದುಕೊಳ್ಳುವವರು ನಾಳೆ ನಮ್ಮ ಮನೆಗೂ ಕೈಯಿಕ್ಕುವುದಿಲ್ಲವೆಂಬುದಕ್ಕೆ ಏನು ಭರವಸೆ ಎಂದು ಕೇಳಿದವರಿದ್ದರು, ಕೇಳಿದ್ದು ನ್ಯಾಯವೇ. ಖಾಲಿ ನೆಲವನ್ನಲ್ಲದೆ ಯಾರೂ ವಾಸವಾಗಿರುವ ಮನೆಯನ್ನು ಮುಟ್ಟುವುದಿಲ್ಲವೆಂದು ಸಂಘ ಮಾತುಕೊಟ್ಟಿತು. 1988ರ ನವೆಂಬರಿನಲ್ಲಿ ಬಾಸ್ಟನ್ ಪುನರಭಿವೃದ್ಧಿ ಪ್ರಾಧಿಕಾರ ಒಪ್ಪಿಗೆಯಿತ್ತಿತು. ವೆಸ್ಟ್ ಎಂಡಿನ ನಿವಾಸಿಗಳನ್ನು ಅಂದು ಎಬ್ಬಿಸಿದ್ದೂ ಇದೇ ಪ್ರಾಧಿಕಾರ. ಅಮೆರಿಕದಲ್ಲಿ ಒಂದು ಕೇರಿಯ ನಿವಾಸಿಗಳ ಸಂಘಕ್ಕೆ ಭೂಸ್ವಾಧೀನದ ಅಧಿಕಾರ ದೊರೆತದ್ದು ಅದೇ ಮೊದಲು.

ನೆಲ ಕೈಗೆ ಬಂದ ಮೇಲೆ ಅದನ್ನು ಏನು ಮಾಡಬೇಕು? ಒಂದೊಂದು ಕುಟುಂಬಕ್ಕೆ ಒಂದೊಂದು ತುಂಡು ಮಾರಿಬಿಟ್ಟರೆ ಮೊದಲ ಮಾಲಿಕನಿಗೆ ಉಪಕಾರವಾಗುತ್ತದೆ, ನಿಜ. ಆದರೆ ಹತ್ತು ವರ್ಷ ಕಳೆದು ಕೇರಿ ಚೆಲುವಾದಾಗ ಅವನು ಅದನ್ನು ಮೂರು ಪಟ್ಟು ಬೆಲೆಗೆ ಹೊರಗಿನ ಹಣವಂತನಿಗೆ ಮಾರುತ್ತಾನೆ. ಮಾರಿದರೆ ಅವನನ್ನು ದೂರುವಂತಿಲ್ಲ. ಹೀಗಾಗಿ ನೆಲವನ್ನೂ ಮನೆಯನ್ನೂ ಬೇರ್ಪಡಿಸುವ ಉಪಾಯವನ್ನು ಅವರು ಆರಿಸಿಕೊಂಡರು. ಡಡ್ಲಿ ನೇಬರ್ಸ್ ಎಂಬ ಹೆಸರಿನ ಒಂದು ಭೂನಿಧಿ ಸ್ಥಾಪಿತವಾಯಿತು. ನೆಲ ಎಂದೆಂದಿಗೂ ನಿಧಿಯದು, ಅದನ್ನು ಮಾರುವಂತಿಲ್ಲ. ಮನೆ ಕುಟುಂಬದ್ದು. ನೆಲಕ್ಕೆ 99 ವರ್ಷಗಳ ಗೇಣಿಪತ್ರ, ಅದು ಮಕ್ಕಳಿಗೂ ಸಲ್ಲುತ್ತದೆ. ನೆಲದ ಬೆಲೆ ಕೊಡಬೇಕಾಗಿಲ್ಲವಾದ್ದರಿಂದ ಮನೆ ಅಗ್ಗವಾಗುತ್ತದೆ. ಕೊಂಡವರು ಆ ಮನೆಯಲ್ಲಿ ತಾವೇ ವಾಸಿಸಬೇಕು. ಬಿಟ್ಟುಹೋಗುವಾಗ ಮಾರಬಹುದು, ಆದರೆ ಪೇಟೆಯ ಬೆಲೆಗಲ್ಲ. ವರ್ಷಕ್ಕೆ ಇಷ್ಟೆಂದು ನಿಗದಿಮಾಡಿದ ಅಲ್ಪ ಏರಿಕೆಯನ್ನು ಸೇರಿಸಿ, ಇನ್ನೊಂದು ಬಡ ಅಥವಾ ಮಧ್ಯಮ ವರ್ಗದ ಕುಟುಂಬಕ್ಕೆ ಕೊಡಬೇಕು. ಒಬ್ಬನಿಗೆ ಮಾಡಿದ ಉಪಕಾರ ಅವನ ಹಿಂದೆ ಬರುವ ಎರಡನೆಯವನಿಗೂ ಮೂರನೆಯವನಿಗೂ ಉಳಿಯುವಂತೆ ಮಾಡಿದ ಏರ್ಪಾಡು ಇದು. ಮನೆಯನ್ನು ಲಾಭದ ಸರಕೆಂದು ಬಗೆಯುವವರಿಗೆ ಇದು ರುಚಿಸುವುದಿಲ್ಲ. ಬಿಟ್ಟುಹೋಗುವವನಿಗೆ ಇದರಿಂದ ಸ್ವಲ್ಪ ನಷ್ಟವೂ ಉಂಟೆಂಬುದನ್ನು ಮರೆಮಾಚಬೇಕಾಗಿಲ್ಲ.

ಈ ಭೂನಿಧಿಯ ಕಲ್ಪನೆಯ ಬೇರು ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ನಮ್ಮ ಓದುಗರು ಮುಖ್ಯವಾಗಿ ಗಮನಿಸಬೇಕು. ಅಮೆರಿಕದಲ್ಲಿ ಇಂಥ ಮೊದಲ ನಿಧಿ ಸ್ಥಾಪನೆಯಾದದ್ದು 1969ರಲ್ಲಿ, ಜಾರ್ಜಿಯ ರಾಜ್ಯದಲ್ಲಿ, ಮತದಾನದ ಹಕ್ಕು ಕೇಳಿದ್ದಕ್ಕಾಗಿ ಹೊಲಗಳಿಂದ ಹೊರದೂಡಲ್ಪಟ್ಟ ಕರಿಯ ಒಕ್ಕಲಿಗರಿಗಾಗಿ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ಸ್ವಾನ್ ಮತ್ತು ಅವರ ಗುರುವಿನಂತಿದ್ದ ರಾಲ್ಫ್ ಬೋರ್ಸೊಡಿ ಇವರ ಮೇಲೆ ವಿನೋಬಾ ಭಾವೆಯವರ ಗ್ರಾಮದಾನದ ಪ್ರಭಾವ ಬಲವಾಗಿತ್ತು. ಬೋರ್ಸೊಡಿಯವರು ಭಾರತದಲ್ಲಿಯೇ ಕೆಲವು ವರ್ಷ ಇದ್ದವರು. ವಿನೋಬಾ 1951ರಲ್ಲಿ ತೆಲಂಗಾಣದ ಪೋಚಂಪಲ್ಲಿಯಲ್ಲಿ ಭೂದಾನವನ್ನು ಆರಂಭಿಸಿದಾಗ ನೆಲ ಒಬ್ಬೊಬ್ಬ ಬಡವನಿಗೆ ಹಂಚಿಹೋಗುತ್ತಿತ್ತು. ಹಂಚಿದ ನೆಲ ಸಾಲಕ್ಕೋ ಸಂಕಟಕ್ಕೋ ಮತ್ತೆ ಸಾಹುಕಾರನ ಕೈಸೇರುವುದನ್ನು ತಡೆಯಬೇಕಾದರೆ, ನೆಲ ಊರಿನದಾಗಿ ಉಳಿದು ಉಳುಮೆ ಮಾತ್ರ ಕುಟುಂಬದ್ದಾಗಬೇಕು. ಗ್ರಾಮದಾನದ ತಿರುಳು ಇದು. 1957ರ ಸೆಪ್ಟೆಂಬರಿನಲ್ಲಿ ನಮ್ಮ ಮೈಸೂರಿನ ಬಳಿಯ ಯಲವಾಲದಲ್ಲಿ ಗ್ರಾಮದಾನದ ಪರಿಷತ್ತು ನೆರೆದಾಗ ರಾಷ್ಟ್ರಪತಿ ರಾಜೇಂದ್ರಪ್ರಸಾದರೂ ಪ್ರಧಾನಿ ನೆಹರೂ ಅವರೂ ಅಲ್ಲಿಗೆ ಬಂದಿದ್ದರು. ಬೇರೆ ಬೇರೆ ಪಕ್ಷಗಳ ನಾಯಕರು ಒಂದಾಗಿ ಅದಕ್ಕೆ ಬೆಂಬಲ ಸಾರಿದರು. ನಮ್ಮ ನಾಡಿನಲ್ಲಿ ಆ ಚಳವಳಿಯ ಕಾವು ಬಹುಮಟ್ಟಿಗೆ ಆರಿಹೋಯಿತು. ಅದರ ಒಂದು ಕಿಡಿ ಸಮುದ್ರ ದಾಟಿ, ಹೊಲದ ಬದಲು ಬೀದಿಯನ್ನು ಹುಡುಕಿಕೊಂಡದ್ದು ವಿಚಿತ್ರವಾದರೂ ಸತ್ಯ.

ಕಾಗದದ ಮೇಲೆ ಗೆದ್ದ ನೆಲದಲ್ಲಿ ಮನೆ ಏಳಲು ತಡವಾಯಿತು. 1980ರ ದಶಕದ ಕೊನೆಗೆ ಆ ಪ್ರಾಂತದ ವ್ಯಾಪಾರ ಕುಸಿಯಿತು, ಬ್ಯಾಂಕುಗಳು ಮುಳುಗಿದವು, ಮನೆ ಕಟ್ಟಲು ಒಪ್ಪಿದ್ದವರು ಹಿಂಜರಿದರು. ಸ್ವಾಧೀನಪಡಿಸಿಕೊಂಡ ನೆಲಕ್ಕೆ ಬೆಲೆ ಕೊಡಲು ಹಣ ಬೇಕು. ಅಧಿಕಾರವಿದ್ದ ಮಾತ್ರಕ್ಕೆ ಹಣ ಬರುವುದಿಲ್ಲ. 1992ರಲ್ಲಿ ಫೋರ್ಡ್ ಪ್ರತಿಷ್ಠಾನ 20 ಲಕ್ಷ ಡಾಲರುಗಳ ಸಾಲ ಕೊಟ್ಟ ಮೇಲೆ ಕೆಲಸ ಸಾಗಿತು. 1990ರ ದಶಕದ ನಡುವಿನಲ್ಲಿ ಹೊಸ ಮನೆಗಳಿಗೆ ಕುಟುಂಬಗಳು ಬಂದವು. ಮೆಡಾಫ್ ಅದನ್ನು ಪೂರ್ತಿ ಕಾಣಲಿಲ್ಲ; 1994ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ. ಹಾಲಿ ಸ್ಕ್ಲಾರ್ ಎಂಬ ಲೇಖಕಿಯೊಡನೆ ಅವನು ಬರೆದ ಡಡ್ಲಿಯ ಚರಿತ್ರೆ ಅದೇ ವರ್ಷ ಪ್ರಕಟವಾಯಿತು.

ಇಷ್ಟರಲ್ಲಿ ಮಕ್ಕಳೂ ಸುಮ್ಮನೆ ಕುಳಿತಿರಲಿಲ್ಲ. ಮಾದಕ ವಸ್ತು ಮಾರುವವರ ಅಡ್ಡೆಯಾಗಿದ್ದ ಮೇರಿ ಹ್ಯಾನನ್ ಉದ್ಯಾನವನ್ನು ಸಂಘ ಮರಳಿ ಪಡೆದದ್ದು ಪೊಲೀಸರ ಬಲದಿಂದ ಮಾತ್ರವಲ್ಲ. ಬೇಸಗೆಯ ರಜೆಯಲ್ಲಿ ಮಕ್ಕಳ ಶಿಬಿರವನ್ನು ಅಲ್ಲಿಯೇ ನಡೆಸಿ. ದಿನವಿಡೀ ಮಕ್ಕಳೂ ತಾಯಂದಿರೂ ತುಂಬಿದ ಜಾಗದಲ್ಲಿ ಅಂಥ ವ್ಯಾಪಾರ ನಡೆಯುವುದು ಸುಲಭವಲ್ಲ. ಕೇರಿಗೆ ಒಂದು ಸಮುದಾಯ ಭವನ ಬೇಕೆಂದಾಗ, ಅದು ಹೇಗಿರಬೇಕೆಂಬ ನಕ್ಷೆಯನ್ನೂ ಮಾದರಿಗಳನ್ನೂ ತಯಾರಿಸಲು ಹುಡುಗ ಹುಡುಗಿಯರ ಒಂದು ತಂಡವನ್ನು ವಾಸ್ತುಶಿಲ್ಪಿಗಳ ಜೊತೆಗೆ ಕೂರಿಸಿದರು. ಮುಂದೆ ಸಂಘದ ಮಂಡಲಿಯಲ್ಲಿಯೇ ತರುಣರಿಗೆ ಸ್ಥಾನ ಬಂದಿತು. ಕೇಪ್ ವರ್ಡಿ ಮೂಲದ ಕುಟುಂಬದ ಜಾನ್ ಬ್ಯಾರೋಸ್ ಎಂಬಾತ ಹದಿನೇಳನೆಯ ವಯಸ್ಸಿನಲ್ಲಿ ಮಂಡಲಿಗೆ ಚುನಾಯಿತನಾದ. ಆತನೇ ಮುಂದೆ ಸಂಘದ ಕಾರ್ಯನಿರ್ವಾಹಕನಾಗಿ ಹಲವು ವರ್ಷ ದುಡಿದ. 2013ರಲ್ಲಿ ಬಾಸ್ಟನ್ನಿನ ಮೇಯರ್ ಪದವಿಗೆ ಸ್ಪರ್ಧಿಸಿ ಸೋತ. ಗೆದ್ದ ಮೇಯರರೇ ಅವನನ್ನು ಕರೆದು ನಗರದ ಆರ್ಥಿಕ ಅಭಿವೃದ್ಧಿಯ ಹೊಣೆ ಒಪ್ಪಿಸಿದರು.

1,300 ಖಾಲಿ ನಿವೇಶನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ಮನೆಗಳೋ ತೋಟಗಳೋ ಆಟದ ಬಯಲುಗಳೋ ಆಗಿವೆ. ಭೂನಿಧಿಯ ನೆಲ ಸುಮಾರು 30 ಎಕರೆ. ಅದರ ಮೇಲೆ 200ಕ್ಕೂ ಹೆಚ್ಚು ಮನೆಗಳು. ಡಡ್ಲಿ ಬೀದಿಯೂ ಬ್ಲೂ ಹಿಲ್ ಅವೆನ್ಯೂವೂ ಕೂಡುವಲ್ಲಿ ಎಲ್ಲರೂ ಸೇರುವ ಬಯಲು ಬಂದಿದೆ. ಹಿಂದೆ ಮೋಟಾರು ದುರಸ್ತಿಯ ಗ್ಯಾರೇಜು ಇದ್ದ ಜಾಗದಲ್ಲಿ 10,000 ಚದರ ಅಡಿಯ ಗಾಜಿನ ಹಸುರುಮನೆ ನಿಂತು ಚಳಿಗಾಲದಲ್ಲಿಯೂ ತರಕಾರಿ ಬೆಳೆಯುತ್ತದೆ. 2008ರ ಸುಮಾರಿಗೆ ಅಮೆರಿಕದಲ್ಲಿ ಮನೆಸಾಲಗಳು ಕುಸಿದು ಲಕ್ಷಾಂತರ ಕುಟುಂಬಗಳು ಬೀದಿಗೆ ಬಿದ್ದಾಗ, ಡಡ್ಲಿಯ ಸುತ್ತಮುತ್ತಲೂ ಮನೆಗಳು ಜಪ್ತಿಯಾದವು. ಭೂನಿಧಿಯ ಮನೆಗಳು ಬಹುಮಟ್ಟಿಗೆ ಉಳಿದುಕೊಂಡವು. ಮನೆಯ ಮೇಲೆ ಅಡ್ಡಾದಿಡ್ಡಿ ಸಾಲ ಮಾಡಲು ಗೇಣಿಪತ್ರ ಬಿಡುವುದಿಲ್ಲ. ಕುಟುಂಬವೊಂದು ಕಂತು ಕಟ್ಟಲಾರದೆ ತೊಳಲಿದರೆ ನಿಧಿಯವರು ಮುಂಚೆಯೇ ಬಂದು ವಿಚಾರಿಸುತ್ತಾರೆ.

ಆದರೆ ಇದನ್ನು ಎಲ್ಲ ಮುಗಿದ ಕಥೆಯೆಂದು ತಿಳಿಯತಕ್ಕದ್ದಲ್ಲ. ಕೇರಿಯಲ್ಲಿ ಬಡತನ ಇನ್ನೂ ಇದೆ. 200 ಮನೆಗಳೆಂದರೆ ಅಷ್ಟು ಜನರ ನಡುವೆ ಹೆಚ್ಚೇನೂ ಅಲ್ಲ. ಭೂನಿಧಿಯ ಹೊರಗಿರುವ ಮನೆಗಳ ಬಾಡಿಗೆ ಬಾಸ್ಟನ್ನಿನ ಉಳಿದೆಡೆಗಳಂತೆ ಇಲ್ಲಿಯೂ ಏರುತ್ತಿದೆ. ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದ ನೆಲ ಈಗ ಬಹಳ ಜನಕ್ಕೆ ಬೇಕಾಗಿದೆ. ಹಾಳು ಬಿದ್ದಾಗ ಕಾಪಾಡುವುದಕ್ಕಿಂತ ಬೆಲೆ ಬಂದಾಗ ಕಾಪಾಡುವುದು ಕಷ್ಟವೆಂದು ನಮಗೆ ತೋರುತ್ತದೆ. ಮುಂಬಯಿಯ ಗಿರಣಿಗಳ ನೆಲ ಗೋಪುರಗಳಾದದ್ದನ್ನು ಕಂಡವರು ಇದನ್ನು ಅಲ್ಲಗಳೆಯಲಾರರು. ಕೇರಿಗೆ ಹೆಸರು ಕೊಟ್ಟ ಥಾಮಸ್ ಡಡ್ಲಿ 17ನೆಯ ಶತಮಾನದ ಒಬ್ಬ ಗವರ್ನರ್. ಗುಲಾಮಗಿರಿಗೆ ಅವಕಾಶವಿದ್ದ ಕಾಲದ ಆಡಳಿತಗಾರನ ಹೆಸರು ನಮ್ಮ ಚೌಕಕ್ಕೆ ಬೇಡವೆಂದು ನಿವಾಸಿಗಳು ಹೋರಾಡಿದ್ದರಿಂದ, ಹತ್ತಿರದ ಡಡ್ಲಿ ಚೌಕಕ್ಕೆ 2019ರ ಡಿಸೆಂಬರಿನಲ್ಲಿ ನೂಬಿಯನ್ ಚೌಕವೆಂದು ಹೆಸರಾಯಿತು. ಬೀದಿಯ ಹೆಸರೂ ಸಂಘದ ಹೆಸರೂ ಹಾಗೆಯೇ ಉಳಿದಿವೆ. ಸಂಘದ ಮಂಡಲಿಗೆ ಕೇರಿಯವರು ಇಂದಿಗೂ ಮತಹಾಕುತ್ತಾರೆ. ನಾಲ್ಕು ಗುಂಪುಗಳಿಗೆ ಸಮನಾದ ಸ್ಥಾನಗಳು, ಅವುಗಳ ಪಕ್ಕದಲ್ಲಿ ಇನ್ನೂ ಶಾಲೆ ಕಲಿಯುವ ವಯಸ್ಸಿನವರಿಗಾಗಿ ಕಾದಿರಿಸಿದ ಸ್ಥಾನಗಳು.